ಹಿರಿಯರಿಗೂ ಕಿರಿಯರಿಗೂ ಒಪ್ಪುವ ಮನೆ

ಮನೆಯನ್ನು ಕಟ್ಟಿಸುವವನು ಸಾಮಾನ್ಯವಾಗಿ ನಲವತ್ತರ ಆಸುಪಾಸಿನವನಾಗಿರುತ್ತಾನೆ. ಮೆಟ್ಟಿಲಿನ ಎತ್ತರ, ಬಾಗಿಲಿನ ಅಗಲ, ಬಚ್ಚಲಿನ ಸ್ಥಾನ ಎಲ್ಲವೂ ಅವನ ಗಟ್ಟಿ ಕಾಲುಗಳ ಅಳತೆಗೇ ನಿಶ್ಚಯವಾಗುತ್ತವೆ. ಆದರೆ ಆ ಮನೆಯಲ್ಲಿ ಅಂಬೆಗಾಲಿಡುವ ಕೂಸು, ತುಂಬು ಗರ್ಭಿಣಿ, ಕೋಲೂರಿ ನಡೆಯುವ ಅಜ್ಜಿ ಇವರೆಲ್ಲರೂ ಬಾಳಬೇಕು. ಕಟ್ಟಿಸಿದವನೇ ಮೂವತ್ತು ವರ್ಷಗಳ ತರುವಾಯ ಅದೇ ಮೆಟ್ಟಿಲ ಮುಂದೆ ಅಸಹಾಯಕನಾಗಿ ನಿಲ್ಲುವುದನ್ನು ನಾವು ಅನೇಕ ಕಡೆ ಕಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿಗೆ ಹೋದಾಗ ಭಕ್ತರೊಬ್ಬರ ಮನೆಯಲ್ಲಿ ಉಳಿದಿದ್ದೆವು. ಮಲೆನಾಡಿನ ಮಳೆಗೆ ತಕ್ಕ ಮನೆ. ಅಂಗಳದಿಂದ ಒಂದೂವರೆ ಅಡಿ ಎತ್ತರದ ಜಗಲಿ, 4 ಅಂಗುಲದ ಹೊಸ್ತಿಲು, ಹಿತ್ತಲಿನಲ್ಲಿ ಬಚ್ಚಲು. ನೀರು ಒಳನುಗ್ಗದಂತೆ ಪೂರ್ವಿಕರು ಮಾಡಿದ ಈ ಏರ್ಪಾಡಿನಲ್ಲಿ ವಿವೇಕವಿದೆ. ಆದರೆ ಎಂಬತ್ತು ದಾಟಿದ ಆ ಮನೆಯ ತಾಯಿ ಪೂಜೆಯ ಹೊತ್ತಿಗೂ ಪಡಸಾಲೆಗೆ ಬರಲಿಲ್ಲ. ವಿಚಾರಿಸಲು, "ಅಯ್ಯಾರ, ಈ ಹೊಸ್ತಿಲ ನನಗ ಈಗ ಗುಡ್ಡ ಆಗೇತ್ರಿ" ಎಂದರು. ಪಾಚಿ ಕಟ್ಟಿದ ಹಿತ್ತಲಿನಲ್ಲಿ ಒಮ್ಮೆ ಜಾರಿ ಬಿದ್ದಿದ್ದರಂತೆ. ರಾತ್ರಿ ಏಳಬೇಕಾದೀತೆಂಬ ಭಯದಿಂದ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಈ ಸಂಗತಿ ಮಗನಿಗೂ ತಿಳಿದಿರಲಿಲ್ಲ, ಸೊಸೆಗೂ ತಿಳಿದಿರಲಿಲ್ಲ.

ಮಗ ಮರುಗಿದರು, ಆದರೆ ಅರಿಶಿನ ಕುಂಕುಮವಿಟ್ಟು ಪೂಜಿಸುವ ಹೊಸ್ತಿಲನ್ನು ಕಡಿಸುವುದೆಂತು ಎಂದು ಹಿಂಜರಿದರು. ಕಡಿಸುವ ಅಗತ್ಯವೇ ಇಲ್ಲ ಎಂದೆವು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಇರಬೇಕೆಂಬುದು ಈಗ ಎಲ್ಲೆಡೆ ಒಪ್ಪಿದ ಲೆಕ್ಕ. ಆ ಪ್ರಕಾರ ಹೊಸ್ತಿಲಿನ ಎರಡೂ ಬದಿಗೆ ನಾಲ್ಕು ನಾಲ್ಕು ಅಡಿಯ, ಜಾರದಂತೆ ಗೀರು ಹಾಕಿದ ಹಲಗೆಗಳನ್ನು ಇಳಿಜಾರಾಗಿ ಕೂರಿಸಿದರೆ ಸಾಕು. ಜಗಲಿಗೆ 18 ಅಡಿ ಬೇಕು. ಅಂಗಳದಲ್ಲಿ ಅಷ್ಟು ಸ್ಥಳವಿತ್ತು.

ಇಷ್ಟು ಹೇಳಿದ ನಾವೂ ತಪ್ಪಿತಸ್ಥರೇ. ನೆಲದ ಮೇಲೆ ಪದ್ಮಾಸನದಲ್ಲಿ ಕುಳಿತರೇನೇ ಪೂಜೆ ಎಂದು ಬಹುಕಾಲ ಬೋಧಿಸಿದವರು ನಾವು. ನಮ್ಮ ಮೊಣಕಾಲು ನೋಯತೊಡಗಿದ ಮೇಲೆಯೇ ಶರಣರ ಔದಾರ್ಯ ಅರ್ಥವಾಯಿತು. 12ನೆಯ ಶತಮಾನದಲ್ಲಿ ಅವರು ಗುಡಿಯ ಮೆಟ್ಟಿಲೇರಲಾಗದವನಿಗೂ ಅಂಗೈಯಲ್ಲಿಯೇ ಲಿಂಗವನ್ನಿತ್ತರು. ಇಷ್ಟಲಿಂಗ ಪೂಜೆಯನ್ನು ಕುರ್ಚಿಯ ಮೇಲೆ ಕುಳಿತೂ ಮಾಡಬಹುದು, ಹಾಸಿಗೆಯಲ್ಲಿದ್ದೂ ಮಾಡಬಹುದು. ದೇವರೇ ಭಕ್ತನ ಅಂಗೈಗೆ ಬಂದಿರುವಾಗ, ಬಚ್ಚಲು ಹಿರಿಯರ ಕೋಣೆಯ ಬಳಿಗೆ ಬರಬಾರದೇ?

ವಿಕಲಚೇತನರ ಸಲುವಾಗಿ ಸರ್ಕಾರವು 1995ರಲ್ಲಿ ಒಂದು ಕಾಯಿದೆಯನ್ನೂ, ಅದರ ಬದಲಿಗೆ 2016ರಲ್ಲಿ ಇನ್ನಷ್ಟು ವಿಸ್ತಾರವಾದ ಕಾಯಿದೆಯನ್ನೂ ತಂದಿತು. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ಅದು ವಿಧಿಸುತ್ತದೆ. ನಮ್ಮ ನಮ್ಮ ಮನೆಗಳಿಗೆ ಮಾತ್ರ ಅಂತಃಕರಣವೇ ಕಾಯಿದೆ.

ಮಾಡಬೇಕಾದುದು ದೊಡ್ಡ ಖರ್ಚಿನದೇನಲ್ಲ. ಹೊಸ ಮನೆಯ ಬಾಗಿಲುಗಳು 3 ಅಡಿ ಅಗಲವಿರಲಿ. ಗಾಲಿಕುರ್ಚಿ ಸಲೀಸಾಗಿ ಹಾಯುತ್ತದೆ, ತೊಟ್ಟಿಲೂ ಹಾಯುತ್ತದೆ. ಬಚ್ಚಲಿಗೆ ನುಣುಪಾದ ಹಂಚನ್ನು ಹಾಸದೆ ಒರಟು ಕಲ್ಲನ್ನು ಹಾಸಿರಿ. ಕುಳಿತು ಏಳಲು ಗೋಡೆಗೆ ಗಟ್ಟಿಯಾದ ಹಿಡಿಕೆ, ಸುಮಾರು ಒಂದೂವರೆ ಅಡಿ ಎತ್ತರದ ಕಮೋಡು ಇರಲಿ. ಚಿರೇಕಲ್ಲಿನ ಗೋಡೆಯಲ್ಲಿ ಬರಿಯ ಮೊಳೆ ನಿಲ್ಲದು. ಹಿಡಿಕೆಯನ್ನು ಸಿಮೆಂಟು ತುಂಬಿಯೇ ಕೂರಿಸಬೇಕು. ಅರವತ್ತರ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಸುಮಾರು ಮೂರು ಪಟ್ಟು ಬೆಳಕು ಬೇಕು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ಸಣ್ಣ ದೀಪವೊಂದು ಉರಿಯಲಿ. ದೀಪದ ಗುಂಡಿ ಮಗುವಿನ ಕೈಗೂ ಎಟುಕುವಂತಿರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಂಗಳದ ಪಾಚಿಯನ್ನು ಕೆರೆದು ತೆಗೆಯಿರಿ.

ಮರುವರ್ಷದ ಶ್ರಾವಣದಲ್ಲಿ ಅದೇ ಮನೆಗೆ ಹೋದೆವು. ಬಚ್ಚಲು ಒಳಗೆ ಬಂದಿತ್ತು. ತಾಯಿ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತು ಪೂಜೆಯಲ್ಲಿದ್ದರು. ಅದೇ ಇಳಿಜಾರಿನ ಮೇಲೆ ಮೊಮ್ಮಗನ ಕೂಸು ತೆವಳಿಕೊಂಡು ಅವರತ್ತ ಬರುತ್ತಿತ್ತು.

ಓದುಗ ಬಂಧುಗಳೇ, ದಾಸೋಹವು ಮನೆಯೊಳಗಿನಿಂದಲೇ ಆರಂಭವಾಗಬೇಕು. ಇಂದು ಸಂಜೆ ನಿಮ್ಮ ಮನೆಯ ಹಿರಿಯರ ಬಳಿ ಕುಳಿತು, ಅವರು ನಿರಾತಂಕವಾಗಿ ನೀರು ಕುಡಿಯುತ್ತಿದ್ದಾರೆಯೇ ಎಂದು ಒಮ್ಮೆ ಕೇಳಿ ನೋಡಿರಿ.