ಮನೆಯಲ್ಲೇ ಬೆಳೆದ ಸೋರೆಕಾಯಿ ಕಹಿಯಾಗಿದ್ದರೆ ಒಳ್ಳೆಯದೇ? ಜ್ಯೂಸ್ ಕುಡಿಯುವ ಮೊದಲು ಇದನ್ನು ಓದಿ

ತಾರಸಿಯಲ್ಲಿ ನಾಲ್ಕು ಕುಂಡ. ಒಂದರಲ್ಲಿ ಕೊತ್ತಂಬರಿ, ಇನ್ನೊಂದರಲ್ಲಿ ಟೊಮೆಟೊ, ಮೂಲೆಯಲ್ಲಿ ಸೇವಂತಿಗೆ, ಕಂಬಿಗೆ ಹಬ್ಬಿದ ಒಂದು ಸೋರೆ ಬಳ್ಳಿ. ಇಷ್ಟಿದ್ದರೆ ಬೆಳಗಿನ ಕಾಫಿ ಲೋಟ ಹಿಡಿದು ಕಾಲು ತಾನಾಗಿಯೇ ಮೆಟ್ಟಿಲು ಹತ್ತುತ್ತದೆ. ನಿನ್ನೆ ಬೆರಳುದ್ದ ಇದ್ದ ಕಾಯಿ ಇವತ್ತು ಎಷ್ಟಾಗಿದೆ ಎಂದು ನೋಡುವ ಖುಷಿಯೇ ಬೇರೆ.

ಈ ಖುಷಿಯ ಜೊತೆಗೆ ಒಂದು ನಂಬಿಕೆಯೂ ಬೆಳೆಯುತ್ತದೆ: 'ನಾವೇ ಬೆಳೆದದ್ದು, ಔಷಧಿ ಹೊಡೆದಿಲ್ಲ, ಏನೂ ಆಗಲ್ಲ.' ಇದಕ್ಕೆ ವಾಟ್ಸ್‌ಆ್ಯಪ್‌ ಸಲಹೆಯೂ ಸೇರಿಕೊಳ್ಳುತ್ತದೆ: 'ಸೋರೆಕಾಯಿ ಜ್ಯೂಸ್ ಶುಗರ್‌ಗೆ ಒಳ್ಳೆಯದು, ಕಹಿ ಇದ್ದರೆ ಇನ್ನೂ ಒಳ್ಳೆಯದು.' ಇದು ನಿಜವೇ?

ಅಲ್ಲ. ಕಹಿ ಸೋರೆಕಾಯಿ ಔಷಧಿಯಲ್ಲ, ಅದು ವಿಷ. ಅದರ ಜ್ಯೂಸ್ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಇಂಥ ಪ್ರಕರಣಗಳನ್ನು ಪರಿಶೀಲಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ತಜ್ಞರ ಸಮಿತಿಯನ್ನೇ ರಚಿಸಿತ್ತು. ಸಮಿತಿಯ ಮುಖ್ಯ ಸಲಹೆ ಸರಳ: ಮೊದಲು ಚೂರು ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ.

ಕಹಿ ಎಲ್ಲಿಂದ ಬರುತ್ತದೆ?

ಸೋರೆ, ಸೌತೆ, ಕುಂಬಳ, ಹೀರೆ ಎಲ್ಲ ಒಂದೇ ಕುಟುಂಬದ ಬಳ್ಳಿಗಳು. ಕೀಟ ಮತ್ತು ಪ್ರಾಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಇವು 'ಕುಕುರ್ಬಿಟಾಸಿನ್' ಎಂಬ ಕಹಿ ರಾಸಾಯನಿಕವನ್ನು ತಯಾರಿಸುತ್ತವೆ. ನಮ್ಮ ಹಿರಿಯರು ಎಷ್ಟೋ ತಲೆಮಾರು ಕಹಿ ಇಲ್ಲದ ಕಾಯಿಯ ಬೀಜವನ್ನೇ ಆರಿಸಿ ಬಿತ್ತಿದ್ದರಿಂದ ಇವತ್ತಿನ ತರಕಾರಿಗಳಲ್ಲಿ ಅದು ತೀರಾ ಕಡಿಮೆ. ಆದರೆ ಗಿಡದ ಗುಣ ಪೂರ್ತಿ ಹೋಗಿಲ್ಲ. ವಿಪರೀತ ಬಿಸಿಲು, ನೀರಿನ ಕೊರತೆಯಂಥ ಒತ್ತಡದಲ್ಲಿ ಕಹಿ ಮರಳಬಹುದು. ಬೀಜದಿಂದಲೂ ಬರಬಹುದು.

ಹಾಗಲದ ಪಕ್ಕ ಹಾಕಿದರೆ ಸೋರೆ ಕಹಿಯಾಗುತ್ತದೆಯೇ?

ಇಲ್ಲ. ಹಾಗಲ ಮತ್ತು ಸೋರೆ ಬೇರೆ ಬೇರೆ ಜಾತಿ, ಅವುಗಳ ನಡುವೆ ಪರಾಗಸ್ಪರ್ಶವಾಗಿ ಕಾಯಿ ಕಟ್ಟುವುದಿಲ್ಲ. ಎರಡನ್ನೂ ಒಂದೇ ಚಪ್ಪರಕ್ಕೆ ಧೈರ್ಯವಾಗಿ ಹಬ್ಬಿಸಿ.

ನಿಜವಾದ ತೊಂದರೆ ಬೇಲಿಯಲ್ಲಿ ಬೆಳೆಯುವ ಕಹಿ ಸೋರೆಯಿಂದ. ಅದರ ಪರಾಗ ನಿಮ್ಮ ಸೋರೆಯ ಹೂವಿಗೆ ಬಿದ್ದರೆ ಈ ಸಲದ ಕಾಯಿ ಕೆಡುವುದಿಲ್ಲ, ಏಕೆಂದರೆ ಕಾಯಿಯ ತಿರುಳು ತಾಯಿ ಬಳ್ಳಿಯದೇ. ಆದರೆ ಒಳಗಿನ ಬೀಜ ಬೆರಕೆಯಾಗಿರುತ್ತದೆ. ಆ ಬೀಜ ಎತ್ತಿಟ್ಟು ಮುಂದಿನ ಸಲ ಹಾಕಿದಾಗ ಕಹಿ ಕಾಯಿ ಬಿಡಬಹುದು. 'ಹೋದ ಸಲ ಚೆನ್ನಾಗಿತ್ತಲ್ಲ' ಎಂದು ಜನ ಮೋಸ ಹೋಗುವುದು ಇಲ್ಲೇ. ಮನೆಯಲ್ಲಿ ಬೀಜ ಉಳಿಸುವವರಿಗೆ ಜರ್ಮನಿ, ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆಗಳೂ ಕುಂಬಳ ಜಾತಿಯ ಕಾಯಿಗಳ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿವೆ.

ಬೇಯಿಸಿದರೆ ಸರಿಹೋಗುವುದಿಲ್ಲವೇ?

ಇಲ್ಲ. ಈ ವಿಷ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. ಆದರೆ ಕಹಿ ಪಲ್ಯವನ್ನು ನಾವು ಎರಡನೇ ತುತ್ತಿಗೇ ಬದಿಗಿಡುತ್ತೇವೆ. ಜ್ಯೂಸ್‌ನಲ್ಲಿ ಹಾಗಾಗುವುದಿಲ್ಲ. ನಿಂಬೆ, ನೆಲ್ಲಿ, ಜೇನು ಬೆರೆಸಿದಾಗ ಕಹಿ ಮುಚ್ಚಿಹೋಗುತ್ತದೆ. 'ಔಷಧಿ ಕಹಿಯೇ ಇರುತ್ತದೆ' ಎಂದು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದುಬಿಡುತ್ತೇವೆ. ಅನಾಹುತಕ್ಕೆ ಒಂದು ಲೋಟ ಸಾಕು.

ಕುಡಿದ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗಬಹುದು. ರಕ್ತ ವಾಂತಿಯಾಗಬಹುದು, ಬಿಪಿ ಕುಸಿಯಬಹುದು. ಇದಕ್ಕೆ ಪ್ರತ್ಯೇಕ ಪ್ರತಿವಿಷ ಇಲ್ಲ. ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಏನು ಕುಡಿದಿರಿ ಎಂದು ವೈದ್ಯರಿಗೆ ಹೇಳಿ.

ಹಾಗಾದರೆ ಸೋರೆ ಬೆಳೆಯುವುದೇ ಬೇಡವೇ?

ಖಂಡಿತ ಬೆಳೆಯಿರಿ. ತಾರಸಿಗೆ ಸೋರೆಯಷ್ಟು ಸೊಗಸಾದ ಬಳ್ಳಿ ಅಪರೂಪ. ಅದರ ಬಿಳಿ ಹೂ ಅರಳುವುದು ಸಂಜೆ. ಮೊದಮೊದಲು ಬರುವ ಗಂಡು ಹೂಗಳು ಉದುರುವುದು ಸಹಜ, ಗಾಬರಿ ಬೇಡ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ. ಮಹಡಿಯ ಮೇಲೆ ಪತಂಗಗಳು ಬಾರದಿದ್ದರೆ, ಸಂಜೆ ಒಂದು ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿ. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ ನೋಡಿ, ಆ ಕಾಯಿಯ ಪಲ್ಯವನ್ನು ಅವರು ತಟ್ಟೆಯಲ್ಲಿ ಬಿಡುವುದಿಲ್ಲ.

ಪಾಲಿಸಬೇಕಾದ್ದು ಇಷ್ಟೇ:

• ಬೇಲಿಯಲ್ಲಿ ಸಿಕ್ಕ, ಮೂಲ ಗೊತ್ತಿಲ್ಲದ ಬೀಜ ಬಿತ್ತಬೇಡಿ. ನಂಬಿಕಸ್ಥ ಬೀಜ ತನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಬಹಾರ್' ಅಂಥದ್ದೊಂದು ಸೋರೆ ತಳಿ.
• ಬೇಸಿಗೆಯಲ್ಲಿ ಬಳ್ಳಿ ಬಾಡಲು ಬಿಡದೆ ನೀರು ಕೊಡಿ.
• ಮನೆಯದಿರಲಿ, ಅಂಗಡಿಯದಿರಲಿ, ಹೆಚ್ಚುವ ಮೊದಲು ಪ್ರತಿ ಕಾಯಿಯಿಂದಲೂ ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ. ಕಹಿ ಇದ್ದರೆ ಉಗಿದು, ಬಾಯಿ ತೊಳೆದು, ಇಡೀ ಕಾಯಿ ಎಸೆಯಿರಿ. ಸೌತೆ, ಹೀರೆ, ಕುಂಬಳಕ್ಕೂ ಇದೇ ನಿಯಮ.
• ಕಹಿ ಬಿಟ್ಟ ಬಳ್ಳಿಯ ಬೀಜ ಉಳಿಸಬೇಡಿ.

ಕೈಯಾರೆ ಬೆಳೆದ ಕಾಯಿಯನ್ನು ತಿಪ್ಪೆಗೆ ಹಾಕಲು ಮನಸ್ಸು ಬರುವುದಿಲ್ಲ, ನಮಗೂ ಗೊತ್ತು. ಆದರೆ ಬಳ್ಳಿ ಇನ್ನೊಂದು ಹಾಕಬಹುದು. ಕಹಿ ಜ್ಯೂಸ್ ಹೊಗಳುವ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ಮಾಹಿತಿ ಕಳಿಸಿ.