ಪೆಟ್ರೋಲ್ ಇಳಿದ್ರೆ ನಮ್ಮ ಸಾಧನೆ, ಏರಿದ್ರೆ ಅವರ ತಪ್ಪು!

ಪೆಟ್ರೋಲ್ ರೇಟ್ ಎರಡು ರೂಪಾಯಿ ಇಳಿದ್ರೆ ಸಾಕು, ನಮ್ಮ ಫೋನಿಗೆ ಧನ್ಯವಾದದ ಪೋಸ್ಟರ್‌ಗಳು ಬಂದು ಬೀಳ್ತವೆ. ಮೂರು ರೂಪಾಯಿ ಏರಿದ್ರೆ ಎದುರು ಪಕ್ಷದವರು ಬೀದಿಗಿಳೀತಾರೆ. ಹಾಗಾದ್ರೆ ಈ ರೇಟ್ ನಿಜವಾಗ್ಲೂ ಯಾರ ಕೈಲಿದೆ? ಇವತ್ತು ಅದನ್ನೇ ಬಿಡಿಸಿ ನೋಡೋಣ.

ನೀವು ಬಂಕ್‌ನಲ್ಲಿ ಕೊಡೋ ದುಡ್ಡಲ್ಲಿ ಮುಖ್ಯವಾಗಿ ನಾಲ್ಕು ಪಾಲು. ಒಂದು, ಕಚ್ಚಾ ತೈಲ ತಂದು ಸಂಸ್ಕರಿಸೋ ಖರ್ಚು ಮತ್ತು ಕಂಪನಿಯ ಲಾಭ. ಎರಡು, ಕೇಂದ್ರದ ಅಬಕಾರಿ ಸುಂಕ. ಮೂರು, ರಾಜ್ಯದ ಮಾರಾಟ ತೆರಿಗೆ. ನಾಲ್ಕು, ಬಂಕ್‌ನವರ ಕಮಿಷನ್. ಕಚ್ಚಾ ತೈಲದ ಬೆಲೆ ಯಾವ ಪಕ್ಷದ ಮಾತೂ ಕೇಳಲ್ಲ. ಆದರೆ ಎರಡು ಮತ್ತು ಮೂರನೇ ಪಾಲು ಪೂರ್ತಿ ಸರ್ಕಾರಗಳ ತೀರ್ಮಾನ.

ಈಗ 2014ಕ್ಕೆ ಹೋಗೋಣ. ಆ ವರ್ಷದ ಜೂನ್‌ನಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ, 2016ರ ಜನವರಿ ಹೊತ್ತಿಗೆ 30 ಡಾಲರ್ ಆಸುಪಾಸಿಗೆ ಬಿತ್ತು. 2015ರ ದೆಹಲಿ ಚುನಾವಣೆಯ ಪ್ರಚಾರದಲ್ಲಿ ಪ್ರಧಾನಿ ಮೋದಿ, ಇದು ನನ್ನ ಅದೃಷ್ಟ ಅನ್ನೋದಾದ್ರೆ ಅದೃಷ್ಟ ಇಲ್ಲದವರು ನಿಮಗೆ ಯಾಕೆ ಬೇಕು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಆದರೆ ಅದೇ ಅವಧಿಯಲ್ಲಿ ಪೆಟ್ರೋಲ್ ಮೇಲಿನ ಸುಂಕ ಲೀಟರ್‌ಗೆ 9.48 ರೂಪಾಯಿಯಿಂದ 21.48 ರೂಪಾಯಿಗೆ ಏರಿತು. ಅಂದ್ರೆ ಅದೃಷ್ಟದ ದೊಡ್ಡ ಪಾಲು ಖಜಾನೆಗೆ ಹೋಯ್ತು, ಉಳಿದಿದ್ದು ನಮ್ಮ ಗಾಡಿಯ ಟ್ಯಾಂಕಿಗೆ ಬಂತು.

2020ರಲ್ಲೂ ಇದೇ ಕಥೆ. ಕೊರೊನಾ ಕಾಲದಲ್ಲಿ ತೈಲ ಕುಸಿದಾಗ ಮಾರ್ಚ್ ಮತ್ತು ಮೇನಲ್ಲಿ ಒಟ್ಟು 13 ರೂಪಾಯಿ ಸುಂಕ ಏರಿ, ಅದು 32.98 ರೂಪಾಯಿಗೆ ಮುಟ್ಟಿತು. 2021ರಲ್ಲಿ ಪೆಟ್ರೋಲ್ 100 ದಾಟಿದಾಗ ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಬೆರಳು ತೋರಿಸಿದ್ದು ಯುಪಿಎ ಕಾಲದ 1.44 ಲಕ್ಷ ಕೋಟಿ ರೂಪಾಯಿಯ ತೈಲ ಬಾಂಡ್‌ಗಳ ಕಡೆಗೆ.

ಆ ಆರೋಪ ಪೂರ್ತಿ ಸುಳ್ಳಲ್ಲ. ಯುಪಿಎ ಬಂಕ್ ರೇಟನ್ನು ಕಡಿಮೆ ಇಟ್ಟು, ಕಂಪನಿಗಳಿಗೆ ನಗದಿನ ಬದಲು ಬಾಂಡ್ ಕೊಟ್ಟಿತ್ತು. ಜನಪ್ರಿಯತೆ ಇವರಿಗೆ, ಸಾಲ ಮುಂದೆ ಬರೋರಿಗೆ! ಆದರೆ ಲೆಕ್ಕ ನೋಡಿ: 2021-22ರಲ್ಲಿ ಆ ಬಾಂಡ್‌ಗಳಿಗೆ ಕಟ್ಟಬೇಕಿದ್ದಿದ್ದು ಸುಮಾರು 20 ಸಾವಿರ ಕೋಟಿ. ಅದರ ಹಿಂದಿನ ವರ್ಷ ಪೆಟ್ರೋಲ್, ಡೀಸೆಲ್ ಸುಂಕದಿಂದ ಕೇಂದ್ರಕ್ಕೆ ಬಂದಿದ್ದು 3 ಲಕ್ಷ ಕೋಟಿಗೂ ಹೆಚ್ಚು. ಕಾರಣ ನಿಜ, ಆದರೆ ಅದು ಸಣ್ಣ ಕಾರಣ. ರಾಜಕೀಯದ ಜಾಣತನ ಇರೋದೇ ಇಲ್ಲಿ: ಸುಳ್ಳು ಹೇಳಬೇಕಾಗಿಲ್ಲ, ಸಣ್ಣ ಸತ್ಯವನ್ನು ದೊಡ್ಡದು ಮಾಡಿದ್ರೆ ಸಾಕು.

ನಮ್ಮ ರಾಜ್ಯವೂ ಕಡಿಮೆ ಇಲ್ಲ. ಲೋಕಸಭೆ ಫಲಿತಾಂಶ ಬಂದಿದ್ದು 2024ರ ಜೂನ್ 4ಕ್ಕೆ. ಜೂನ್ 15ಕ್ಕೆ ಕಾಂಗ್ರೆಸ್ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಲೀಟರ್‌ಗೆ ಸುಮಾರು 3 ರೂಪಾಯಿ ಜಾಸ್ತಿ ಆಯ್ತು. ಬಿಜೆಪಿ ಪ್ರತಿಭಟನೆಗಿಳಿಯಿತು. ಅಕ್ಕಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಈಗಲೂ ಅಗ್ಗ ಅಂತ ಸರ್ಕಾರ ಸಮರ್ಥಿಸಿಕೊಂಡಿತು. ಇನ್ನೊಂದು ವಿಷಯ: ಈ ತೆರಿಗೆ ಶೇಕಡಾ ಲೆಕ್ಕದ್ದು. ಹಾಗಾಗಿ ಮೂಲ ಬೆಲೆ ಏರಿದಾಗ ಯಾವ ಆದೇಶವೂ ಇಲ್ಲದೆ ರಾಜ್ಯದ ಆದಾಯವೂ ಏರುತ್ತೆ. ಬೈಗುಳ ಮಾತ್ರ ದೆಹಲಿಗೆ.

ಟೈಮಿಂಗ್ ಕೂಡ ನೋಡಿ. 2018ರಲ್ಲಿ ಕಂಪನಿಗಳು ದಿನಾ ರೇಟ್ ಬದಲಿಸ್ತಿದ್ವು. ಕರ್ನಾಟಕ ವಿಧಾನಸಭೆ ಚುನಾವಣೆಗೆ ಮುಂಚೆ ಸುಮಾರು 19 ದಿನ ರೇಟ್ ಅಲುಗಾಡಲೇ ಇಲ್ಲ. ಮೇ 12ಕ್ಕೆ ಮತದಾನ ಮುಗೀತು, ಮೇ 14ಕ್ಕೆ ಏರಿಕೆ ಶುರು.

ಹಾಗಂತ ಎಲ್ಲರೂ ಒಂದೇ ಅಂತ ಕೈಕಟ್ಟಿ ಕೂರಬೇಡಿ, ಅದರಿಂದ ಎಲ್ಲ ಪಕ್ಷಕ್ಕೂ ಅನುಕೂಲವೇ. ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳಿ. ನಾಲ್ಕು ಪಾಲಲ್ಲಿ ಬದಲಾಗಿದ್ದು ಯಾವುದು? ಅದು ಯಾರ ಸಹಿಯಿಂದ ಬದಲಾಯ್ತು? ಚುನಾವಣೆ ಎಷ್ಟು ದೂರ ಇತ್ತು? ಇಷ್ಟಕ್ಕೆ ಉತ್ತರ ಸಿಕ್ಕಿದ್ರೆ ಯಾರಿಗೆ ಚಪ್ಪಾಳೆ, ಯಾರಿಗೆ ಬೈಗುಳ ಅಂತ ನೀವೇ ತೀರ್ಮಾನಿಸಬಹುದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.