ಶ್ರುತಿ ತಪ್ಪುವ ವಾದ್ಯದ ಭೌತಶಾಸ್ತ್ರ

ಸ್ವಿಚ್ ಹಾಕಿದ ಕೂಡಲೇ ನುಡಿಸುವಂತಿಲ್ಲ, ಬಿಸಿಯಾಗುವವರೆಗೆ ಕಾಯಬೇಕು. ಕೊಠಡಿಯ ತಾಪ ಬದಲಾದರೆ ಶ್ರುತಿ ಜಾರುತ್ತದೆ. ಒಂದು ಬಾರಿಗೆ ಒಂದೇ ಸ್ವರ ಹೊರಡುತ್ತದೆ. 1970ರಲ್ಲಿ ಬಂದ ಮಿನಿಮೋಗ್ ಎಂಬ ಸಿಂಥಸೈಜರಿನ ಗುಣಗಳಿವು. ಇಂದಿನ ಅಗ್ಗದ ಕೀಬೋರ್ಡಿನಲ್ಲೂ ಈ ಯಾವ ತೊಂದರೆಯೂ ಇಲ್ಲ. ಹಾಗಿದ್ದರೂ ಹಳೆಯ ಅನಲಾಗ್ ಸಿಂಥಸೈಜರುಗಳನ್ನು ಹುಡುಕಿ, ದುಬಾರಿ ಬೆಲೆ ಕೊಟ್ಟು ಕೊಳ್ಳುವವರು ಅನೇಕ ದೇಶಗಳಲ್ಲಿದ್ದಾರೆ. ಇದು ಬರೀ ಹಳೆಯದರ ಮೋಹವೇ? ಉತ್ತರದ ಬಹುಪಾಲು ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ಸಾಧಾರಣ ಟ್ರಾನ್ಸಿಸ್ಟರಿನಲ್ಲಿದೆ.

ಅಮೆರಿಕದ ರಾಬರ್ಟ್ ಮೋಗ್ (1934–2005) ಇಂಜಿನಿಯರಿಂಗ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಹೆಸರಿನ ಉಚ್ಚಾರಣೆ 'ಮೋಗ್'. ನಮ್ಮ ಮೂಗಿಗೂ ಅದಕ್ಕೂ ಸಂಬಂಧವಿಲ್ಲ! 1964ರಲ್ಲಿ ಅವರು ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಜೊತೆ ಸೇರಿ ತಮ್ಮ ಮೊದಲ ಮಾದರಿಯನ್ನು ರಚಿಸಿದರು. ಅದರ ತಿರುಳು ಒಂದೇ: ವಾದ್ಯದ ಪ್ರತಿಯೊಂದು ಗುಣವನ್ನೂ ವೋಲ್ಟೇಜಿನಿಂದ ನಿಯಂತ್ರಿಸುವುದು. ಕೀಲಿಮಣೆ ಒಂದು ವೋಲ್ಟೇಜನ್ನು ಕೊಡುತ್ತದೆ, ಆಂದೋಲಕ ಅದಕ್ಕೆ ತಕ್ಕ ಆವೃತ್ತಿಯಲ್ಲಿ ಕಂಪಿಸುತ್ತದೆ. ವೋಲ್ಟೇಜ್ 1 ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು. ಇದು ಮೋಗ್ ಹಾಕಿಕೊಂಡ ನಿಯಮ.

ಇಲ್ಲೊಂದು ತೊಡಕು ಇದೆ. ಒಂದೊಂದು ಸ್ಥಾಯಿ ಏರಿದಾಗಲೂ ಆವೃತ್ತಿ ಇಮ್ಮಡಿಯಾಗುತ್ತದೆ: 110, 220, 440, 880 ಹರ್ಟ್ಸ್. ಅಂದರೆ ವೋಲ್ಟೇಜ್ ಕೂಡುತ್ತಾ ಹೋದಂತೆ ಆವೃತ್ತಿ ಗುಣಿಸುತ್ತಾ ಹೋಗಬೇಕು. ಇಂತಹ ಘಾತೀಯ ಸಂಬಂಧವನ್ನು ಎಲ್ಲಿಂದ ತರುವುದು? ಪ್ರಕೃತಿ ಅದನ್ನು ಸಿದ್ಧಮಾಡಿಯೇ ಇಟ್ಟಿದೆ. ಟ್ರಾನ್ಸಿಸ್ಟರಿನ ಬೇಸ್–ಎಮಿಟರ್ ವೋಲ್ಟೇಜಿನೊಂದಿಗೆ ಕಲೆಕ್ಟರ್ ಪ್ರವಾಹ ಘಾತೀಯವಾಗಿಯೇ ಏರುತ್ತದೆ. ಆ ಪ್ರವಾಹ ಒಂದು ಕೆಪಾಸಿಟರನ್ನು ತುಂಬಲಿ, ನಿಗದಿತ ಮಟ್ಟ ಮುಟ್ಟಿದೊಡನೆ ಕೆಪಾಸಿಟರ್ ಬರಿದಾಗಲಿ. ಗರಗಸದ ಹಲ್ಲಿನಂತಹ ತರಂಗ ದೊರೆಯಿತು! ಪ್ರವಾಹ ಇಮ್ಮಡಿಯಾದರೆ ಆವೃತ್ತಿಯೂ ಇಮ್ಮಡಿ.

ಎಷ್ಟು ವೋಲ್ಟೇಜಿಗೆ ಪ್ರವಾಹ ಇಮ್ಮಡಿಯಾಗುತ್ತದೆ? ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ನಿರಪೇಕ್ಷ ತಾಪದಿಂದ ಗುಣಿಸಿ, ಎಲೆಕ್ಟ್ರಾನಿನ ವಿದ್ಯುದಂಶದಿಂದ ಭಾಗಿಸಿ. 300 ಕೆಲ್ವಿನ್‌ನಲ್ಲಿ ಸುಮಾರು 26 ಮಿಲಿವೋಲ್ಟ್ ಬರುತ್ತದೆ. ಇದನ್ನು 2ರ ಸ್ವಾಭಾವಿಕ ಲಾಗರಿತಮ್ ಆದ 0.693ರಿಂದ ಗುಣಿಸಿದರೆ 18 ಮಿಲಿವೋಲ್ಟ್. ಕೀಲಿಮಣೆಯ 1 ವೋಲ್ಟನ್ನು ರೋಧಕಗಳಿಂದ 18 ಮಿಲಿವೋಲ್ಟಿಗೆ ಇಳಿಸಿ ಟ್ರಾನ್ಸಿಸ್ಟರಿಗೆ ಕೊಟ್ಟರಾಯಿತು.

ಆದರೆ ಈ 18 ಮಿಲಿವೋಲ್ಟ್ ನಿರಪೇಕ್ಷ ತಾಪಕ್ಕೆ ಅನುಪಾತೀಯ ಎಂಬುದನ್ನು ಗಮನಿಸಿ. ಒಂದು ಡಿಗ್ರಿ ಏರಿದರೆ ಅದು ಮುನ್ನೂರರಲ್ಲೊಂದು ಪಾಲು, ಅಂದರೆ ಶೇಕಡ 0.33ರಷ್ಟು ಹೆಚ್ಚುತ್ತದೆ. ಸಂಗೀತದ ಅಳತೆಯಲ್ಲಿ ಒಂದು ಸ್ಥಾಯಿಗೆ 1200 ಸೆಂಟ್, ಅರ್ಧಸ್ವರಕ್ಕೆ 100 ಸೆಂಟ್. ಆದ್ದರಿಂದ ಡಿಗ್ರಿಗೆ ಒಂದು ಸ್ಥಾಯಿಯಲ್ಲಿ 4 ಸೆಂಟ್ ಕುಗ್ಗುತ್ತದೆ. ನಾಲ್ಕು ಸ್ಥಾಯಿ ದೂರದ ಸ್ವರದಲ್ಲಿ 16 ಸೆಂಟ್. ವೇದಿಕೆಯ ದೀಪಗಳಿಂದ ವಾದ್ಯ 5 ಡಿಗ್ರಿ ಬಿಸಿಯಾದರೆ 80 ಸೆಂಟ್, ಹೆಚ್ಚುಕಡಿಮೆ ಅರ್ಧಸ್ವರವೇ! ಟ್ರಾನ್ಸಿಸ್ಟರಿನ ಸೋರಿಕೆ ಪ್ರವಾಹವೂ ತಾಪದೊಂದಿಗೆ ಏರುತ್ತದೆ, ಅದನ್ನು ಸರಿಸಮಾನವಾದ ಎರಡು ಟ್ರಾನ್ಸಿಸ್ಟರುಗಳ ಜೋಡಿಯಿಂದ ರದ್ದುಪಡಿಸಬಹುದು. ಉಳಿದ ದೋಷಕ್ಕೆ, ತಾಪದೊಂದಿಗೆ ಅದೇ ಶೇಕಡ 0.33ರ ದರದಲ್ಲಿ ಏರುವ ವಿಶೇಷ ರೋಧಕವನ್ನು ಆ ಜೋಡಿಗೆ ಅಂಟಿಸಿ ಕೂಡಿಸುತ್ತಾರೆ. ಎರಡೂ ಒಂದೇ ತಾಪದಲ್ಲಿರಬೇಕಲ್ಲ! ಆದರೂ ದೋಷ ಪೂರ್ತಿ ಅಳಿಯುವುದಿಲ್ಲ.

ಈ ಅಳಿದುಳಿದ ದೋಷವೇ ಅಭಿಮಾನಿಗಳಿಗೆ ಪ್ರಿಯ. ಮಿನಿಮೋಗ್‌ನಲ್ಲಿ ಮೂರು ಆಂದೋಲಕಗಳಿವೆ. ಒಂದು 440, ಇನ್ನೊಂದು 441 ಹರ್ಟ್ಸ್ ಇದ್ದರೆ ಸೆಕೆಂಡಿಗೊಂದು ವಿಸ್ಪಂದ ಕೇಳುತ್ತದೆ. ಇದು ನಿಮಗೆ ಗೊತ್ತು. ಆದರೆ ಗರಗಸ ತರಂಗದಲ್ಲಿ ಮೂಲ ಆವೃತ್ತಿಯ ಎಲ್ಲ ಪೂರ್ಣಾಂಕ ಗುಣಕಗಳೂ ಇವೆ. ಎರಡನೆಯ ಗುಣಕಗಳ ನಡುವೆ ಸೆಕೆಂಡಿಗೆ 2 ವಿಸ್ಪಂದ, ಹತ್ತನೆಯವುಗಳ ನಡುವೆ 10. ಎಲ್ಲವೂ ಏಕಕಾಲಕ್ಕೆ ಬೇರೆ ಬೇರೆ ವೇಗದಲ್ಲಿ ಏರಿಳಿಯುವುದರಿಂದ ನಾದ ಒಳಗೊಳಗೇ ಅಲುಗಾಡುತ್ತಿರುತ್ತದೆ. ಆಂದೋಲಕಗಳು ತಾವಾಗಿಯೇ ತುಸು ಜಾರುತ್ತಿರುವುದರಿಂದ ಈ ಅಲುಗಾಟ ಹಾಗೆಯೇ ಮರುಕಳಿಸುವುದೂ ಇಲ್ಲ.

ಇನ್ನು ಫಿಲ್ಟರ್. 1969ರಲ್ಲಿ ಪೇಟೆಂಟ್ ದೊರೆತ ಮೋಗ್ ಅವರ 'ಏಣಿ' ಫಿಲ್ಟರಿನಲ್ಲಿ ಟ್ರಾನ್ಸಿಸ್ಟರ್ ಜೋಡಿಗಳ ನಡುವೆ ಕೆಪಾಸಿಟರುಗಳು ಏಣಿಯ ಮೆಟ್ಟಿಲುಗಳಂತೆ ಕೂತಿರುತ್ತವೆ. ಅಲ್ಲೂ ಅದೇ 26 ಮಿಲಿವೋಲ್ಟ್! ಸಂಧಿಯ ರೋಧವೆಂದರೆ ಅದನ್ನು ಪ್ರವಾಹದಿಂದ ಭಾಗಿಸಿದಷ್ಟು: 1 ಮಿಲಿಆಂಪಿಯರಿಗೆ 26 ಓಮ್, 0.1ಕ್ಕೆ 260. ಪ್ರವಾಹ ಬದಲಿಸಿದರೆ ಯಾವ ಆವೃತ್ತಿಯವರೆಗೆ ದಾರಿ ಬಿಡಬೇಕೆಂಬುದೂ ಬದಲಾಗುತ್ತದೆ. ನಾಲ್ಕು ಹಂತಗಳಿರುವುದರಿಂದ ಆ ಗಡಿಯಿಂದ ಸಾಕಷ್ಟು ಮೇಲೆ ಪ್ರತಿ ಸ್ಥಾಯಿಗೂ ಕಂಪನದ ಪಾರ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ.

ಭಾರತಕ್ಕೆ ಈ ವಾದ್ಯ ಬೇಗನೆ ಬಂತು ಎಂದರೆ ನಿಮಗೆ ಅಚ್ಚರಿಯಾಗಬಹುದು. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೋಗ್ ಸಿಂಥಸೈಜರ್ ಇದ್ದ ಸ್ಟುಡಿಯೊ ಸ್ಥಾಪಿಸಿದರು. 1982ರಲ್ಲಿ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಅನಲಾಗ್ ಯಂತ್ರಗಳಲ್ಲಿ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದರು. ವೋಲ್ಟೇಜ್ ನಿಯಂತ್ರಣ ನಮ್ಮ ಸಂಗೀತಕ್ಕೆ ಒಗ್ಗುವಂಥದ್ದೇ: ಕೀಲಿಮಣೆಯ ವೋಲ್ಟೇಜನ್ನು ಒಂದು ರೋಧಕ–ಕೆಪಾಸಿಟರ್ ಮೂಲಕ ಹಾಯಿಸಿದರೆ ಅದು ಥಟ್ಟನೆ ನೆಗೆಯದೆ ನಿಧಾನ ಏರುತ್ತದೆ, ಸ್ವರ ಜಾರುತ್ತದೆ.

1983ರಲ್ಲಿ ಯಮಾಹಾದ ಡಿಜಿಟಲ್ ವಾದ್ಯ ಡಿಎಕ್ಸ್7 ಬಂದು ಅನಲಾಗ್ ಯುಗವನ್ನು ಬಹುಮಟ್ಟಿಗೆ ಮುಗಿಸಿತು. ಹಳೆಯದೆಲ್ಲ ಚಿನ್ನ ಎಂಬ ವಾದವನ್ನು ನಾನು ಒಪ್ಪಲಾರೆ. ಮೇಲಿನ ಸಮೀಕರಣಗಳನ್ನೆಲ್ಲ, ಜಾರುವಿಕೆಯೂ ಸೇರಿ, ಇಂದಿನ ಕಂಪ್ಯೂಟರ್ ಚೆನ್ನಾಗಿಯೇ ಬಿಡಿಸಬಲ್ಲದು. ಆದರೆ ಹಳೆಯ ಯಂತ್ರದಲ್ಲಿ ಪ್ರತಿಯೊಂದು ಗುಂಡಿಯ ಹಿಂದೆಯೂ ಕೈಯಿಂದ ಮುಟ್ಟಬಹುದಾದ ಭೌತಶಾಸ್ತ್ರವಿದೆ. ಅಧ್ಯಾಪಕನಿಗೆ ಇದು ಸಣ್ಣ ಮಾತಲ್ಲ.

ವಾದ್ಯವಿಲ್ಲದೆಯೂ ನೀವು ಇದನ್ನು ನೋಡಬಹುದು. ಬಿಸಿ547 ಟ್ರಾನ್ಸಿಸ್ಟರಿನ ಎಮಿಟರನ್ನು ಭೂಸಂಪರ್ಕಕ್ಕೆ, ಕಲೆಕ್ಟರನ್ನು ಮಿಲಿಆಂಪಿಯರ್ ಮಾಪಕದ ಮೂಲಕ 5 ವೋಲ್ಟಿಗೆ ಜೋಡಿಸಿ. ಒಂದು ಶುಷ್ಕಕೋಶ ಮತ್ತು 1 ಕಿಲೋಓಮ್ ಪೊಟೆನ್ಷಿಯೋಮೀಟರಿನಿಂದ ಬೇಸಿಗೆ ವೋಲ್ಟೇಜ್ ಕೊಡಿ; ಸೊನ್ನೆಯಿಂದ ಆರಂಭಿಸಿ ಮೆಲ್ಲಗೆ ಏರಿಸಿ. ಹತ್ತು ಸುತ್ತಿನದಾದರೆ ಅನುಕೂಲ. ಪ್ರವಾಹವನ್ನು 0.1, 0.2, 0.4, 0.8 ಮಿಲಿಆಂಪಿಯರಿಗೆ ಹೊಂದಿಸುತ್ತಾ ಬೇಸ್ ವೋಲ್ಟೇಜ್ ಬರೆದುಕೊಳ್ಳಿ. ಹೆಜ್ಜೆಹೆಜ್ಜೆಗೂ ಸುಮಾರು 18 ಮಿಲಿವೋಲ್ಟ್ ಕಾಣಬೇಕು. ಆಮೇಲೆ ಗುಂಡಿ ತಿರುಗಿಸದೆ ಟ್ರಾನ್ಸಿಸ್ಟರನ್ನು ಎರಡು ಬೆರಳುಗಳಿಂದ ಹಿಡಿಯಿರಿ. ಒಂದೊಂದು ಡಿಗ್ರಿಗೂ ಪ್ರವಾಹ ಸುಮಾರು ಶೇಕಡ 8ರಷ್ಟು ಏರುತ್ತದೆ. ಬೆರಳು ತೆಗೆದ ಮೇಲೆ ಮುಳ್ಳು ಮೊದಲಿನ ಜಾಗಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ವಿದ್ಯಾರ್ಥಿಗಳು ಗಡಿಯಾರ ನೋಡಿ ಗುರುತಿಸಲಿ.